ಕಡಲ ಗಾಳಿಯಂತ್ರ ಹತ್ತಲು 1.5 ಮೀಟರ್ ಅಲೆಯ ಮಿತಿ: ಇದರ ಮೇಲೆ ಪಿಎಚ್.ಡಿ. ಮಾಡಬಹುದೇ?

ಅಳಿವೆಬಾಗಿಲು
ಉತ್ತರ ಸಮುದ್ರದ ಗಾಳಿ ವಿದ್ಯುತ್ ತಾಣಗಳಿಗೆ ತಂತ್ರಜ್ಞರನ್ನು ತಲುಪಿಸುವುದರ ಮೇಲೆ ಸಂಶೋಧನಾ ಪ್ರಸ್ತಾವನೆ ಬರೆಯಬೇಕಾಗಿದೆ. ಓದಿದ ಪ್ರಬಂಧಗಳಲ್ಲೆಲ್ಲ ಎರಡೇ ಸಂಖ್ಯೆ. ಸಣ್ಣ ಸಿಬ್ಬಂದಿ ದೋಣಿ, ಅಂದರೆ ಸಿಟಿವಿ ಆದರೆ ಸಿಗ್ನಿಫಿಕೆಂಟ್ ವೇವ್ ಹೈಟ್ (ದೊಡ್ಡ ಅಲೆಗಳ ಸರಾಸರಿ ಎತ್ತರ) 1.5 ಮೀಟರ್ ತನಕ ಕೆಲಸ. ದೊಡ್ಡ ಸರ್ವಿಸ್ ಹಡಗು, ಅಂದರೆ ಎಸ್‌ಒವಿ ಆದರೆ 2.5 ಅಥವಾ 3 ಮೀಟರ್. ಅದರ ಮೇಲೆ ಇಡೀ ಇಪ್ಪತ್ತೈದು ವರ್ಷದ ನಿರ್ವಹಣಾ ವೆಚ್ಚದ ಲೆಕ್ಕ ಕಟ್ಟುತ್ತಾರೆ. ಈ 1.5 ಬಂದದ್ದು ಎಲ್ಲಿಂದ? ಹಡಗಿನಿಂದ ಕಂಬಕ್ಕೆ ಚಾಚಿ ಹಡಗಿನ ಚಲನೆ ಸರಿದೂಗಿಸುವ ಸೇತುವೆ ಬಂದ ಮೇಲೆ ಈ ವಿಷಯದಲ್ಲಿ ಹೊಸದಾಗಿ ಹೇಳಲು ಏನಾದರೂ ಉಳಿದಿದೆಯೇ? ಯಾವ ದತ್ತಾಂಶ ಕೈಯಲ್ಲಿರಬೇಕು?

ಮೂತಿರಬ್ಬರ್
ಮೊದಲು ಕ್ಷಣ ಹಿಡಿದು ನೋಡಿ, ಆಮೇಲೆ ಸಂಖ್ಯೆ.

ಸಿಟಿವಿ ಅಂದರೆ ಸಾಮಾನ್ಯವಾಗಿ 20ರಿಂದ 27 ಮೀಟರ್ ಉದ್ದದ ಅವಳಿ ಒಡಲಿನ ಅಲ್ಯೂಮಿನಿಯಂ ದೋಣಿ. ಮೂತಿಗೆ ದಪ್ಪ ರಬ್ಬರ್ ಫೆಂಡರ್. ಗಾಳಿಯಂತ್ರದ ಬುಡದಲ್ಲಿ ನೆಟ್ಟಗೆ ನಿಂತ ಎರಡು ಉಕ್ಕಿನ ಕೊಳವೆ, ಅವುಗಳ ನಡುವೆ ಸ್ವಲ್ಪ ಹಿಂದಕ್ಕೆ ಏಣಿ. ಏಣಿ ಹಿಂದಕ್ಕಿರುವುದು ಸುಮ್ಮನೆ ಅಲ್ಲ, ಮೂತಿ ಮೇಲೆದ್ದು ಬಂದರೂ ಏಣಿಯಲ್ಲಿರುವವನ ಕಾಲು ಜಜ್ಜಬಾರದು ಅಂತ. ಕ್ಯಾಪ್ಟನ್ ಮೂತಿಯನ್ನು ಆ ಎರಡು ಕೊಳವೆಗೆ ಒತ್ತಿ, ಎಂಜಿನ್‌ಗೆ ಶಕ್ತಿ ಕೊಟ್ಟು ಹಾಗೇ ತಳ್ಳುತ್ತಾ ನಿಲ್ಲುತ್ತಾನೆ. ಹಗ್ಗ ಇಲ್ಲ, ಕೊಕ್ಕೆ ಇಲ್ಲ. ದೋಣಿಯನ್ನು ಹಿಡಿದಿರುವುದು ರಬ್ಬರಿನ ಘರ್ಷಣೆ ಮಾತ್ರ.

ಡೆಕ್ಕಿನ ಆಳು ಎರಡು ಮೂರು ಅಲೆ ಎಣಿಸುತ್ತಾನೆ. ಮೂತಿ ಜಾರಲಿಲ್ಲ ಅಂತಾದರೆ ಕೈ ಸನ್ನೆ. ತಂತ್ರಜ್ಞ ಮುಂದೆ ಬಂದು ಮೇಲಿಂದ ಇಳಿಬಿಟ್ಟ ಫಾಲ್ ಅರೆಸ್ಟರ್ ಹಗ್ಗವನ್ನು ಎದೆಯ ಕೊಂಡಿಗೆ ಸಿಕ್ಕಿಸಿಕೊಂಡು, ಒಂದೇ ಹೆಜ್ಜೆಯಲ್ಲಿ ಏಣಿಗೆ ದಾಟಿ, ನಿಲ್ಲದೆ ಮೂರು ನಾಲ್ಕು ಮೆಟ್ಟಿಲು ಮೇಲೆ ಹೋಗುತ್ತಾನೆ. ಚೀಲ ಬೆನ್ನಿಗಿಲ್ಲ, ಅದು ಆಮೇಲೆ ಕ್ರೇನಿನಲ್ಲಿ. ಇಳಿಯುವಾಗ ಇದೇ ಕ್ರಮ ತಿರುಗುಮುರುಗು, ಮತ್ತು ಅದೇ ಕಷ್ಟದ್ದು, ಏಕೆಂದರೆ ದೋಣಿಗೆ ಬೆನ್ನು ಕೊಟ್ಟು ಇಳಿಯಬೇಕು.

ಈಗ ಲೆಕ್ಕ. ತಳ್ಳುವ ಬಲ 100 ಕಿಲೋನ್ಯೂಟನ್ ಅಂತಿಟ್ಟುಕೊಳ್ಳಿ, ಅಂದರೆ ಸುಮಾರು 10 ಟನ್. ಒದ್ದೆ ಉಕ್ಕಿನ ಮೇಲೆ ರಬ್ಬರಿನ ಘರ್ಷಣಾಂಕ 0.8 ಆದರೆ ಮೂತಿಯನ್ನು ಹಿಡಿದಿಡಲು ಸಿಗುವುದು 80 ಕಿಲೋನ್ಯೂಟನ್. ಕೊಳವೆಗೆ ಪಾಚಿ ಹತ್ತಿ ಘರ್ಷಣಾಂಕ 0.5ಕ್ಕೆ ಇಳಿದರೆ 50. ಅಲೆ ಮೂತಿಯನ್ನು ಮೇಲೆತ್ತುವ ಬಲ ಅದನ್ನು ಮೀರಿದ ಕ್ಷಣ ಫೆಂಡರ್ ಕಿತ್ತುಕೊಂಡು ಜಾರುತ್ತದೆ. ಸಣ್ಣಗೆ ಜಾರುವುದಿಲ್ಲ. ಸ್ಥಿರ ಘರ್ಷಣೆ ಮುರಿದ ಮೇಲೆ ಚಲನೆಯ ಘರ್ಷಣೆ ಕಡಿಮೆ, ಹಾಗಾಗಿ ಒಮ್ಮೆಲೇ ಅರ್ಧ ಮೀಟರ್ ಹಾರುತ್ತದೆ. ಅಪಾಯ ಅಲ್ಲಿದೆ. ಅಲೆ ಎತ್ತರ ಈ ಸಮೀಕರಣದಲ್ಲಿ ಒಂದು ಪದ ಮಾತ್ರ.

ಹಾಯಿಪಟ
ಮೂತಿರಬ್ಬರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. 1.5 ಅನ್ನುವುದು ಸರಾಸರಿ, ಅದೂ ಅತಿ ಎತ್ತರವಾದ ಮೂರನೇ ಒಂದು ಭಾಗ ಅಲೆಗಳ ಸರಾಸರಿ. ರೇಲೀ ಹಂಚಿಕೆಯ ಪ್ರಕಾರ 1000 ಅಲೆಯಲ್ಲಿ ದೊಡ್ಡದು ಅದರ 1.86 ಪಟ್ಟು, ಅಂದರೆ 2.8 ಮೀಟರ್. ಐದೂವರೆ ಸೆಕೆಂಡಿಗೊಂದು ಅಲೆ ಬಂದರೆ 1000 ಅಲೆಗೆ ಒಂದೂವರೆ ಗಂಟೆ ಸಾಕು. ಆರು ಯಂತ್ರಕ್ಕೆ ಜನ ಇಳಿಸಿ ಬರುವಷ್ಟರಲ್ಲಿ ಅಂಥದ್ದೊಂದು ಬಂದೇ ಬರುತ್ತದೆ.

ಅದಕ್ಕಿಂತ ಮುಖ್ಯ ಪೀರಿಯಡ್, ಅಂದರೆ ಒಂದು ಅಲೆಯಿಂದ ಮುಂದಿನದಕ್ಕೆ ಹಿಡಿಯುವ ಹೊತ್ತು. ಆಳ ನೀರಿನಲ್ಲಿ ಅಲೆಯುದ್ದ ಸುಮಾರು 1.56 ಗುಣಿಸು ಪೀರಿಯಡ್ಡಿನ ವರ್ಗ. 4 ಸೆಕೆಂಡಿನ ಅಲೆ 25 ಮೀಟರ್, 6 ಸೆಕೆಂಡಿನದು 56, 9 ಸೆಕೆಂಡಿನದು 126 ಮೀಟರ್. ದೋಣಿ 25 ಮೀಟರ್. ಚಿಕ್ಕ ಅಲೆಯಲ್ಲಿ ಒಡಲಿನ ಕೆಳಗೆ ಒಂದು ಕಡೆ ಏರು, ಒಂದು ಕಡೆ ಇಳಿ, ಬಲಗಳು ಒಂದನ್ನೊಂದು ತಿನ್ನುತ್ತವೆ. ಅಲೆ ದೋಣಿಗಿಂತ ಉದ್ದವಾಗುತ್ತಾ ಹೋದಂತೆ ಆ ರಿಯಾಯಿತಿ ಇಲ್ಲ, ಮೂತಿ ಅಲೆಯ ಜೊತೆಗೇ ಏಳಲು ನೋಡುತ್ತದೆ. ಹಾಗಾಗಿ 1.5 ಮೀಟರ್ 4.5 ಸೆಕೆಂಡಿನಲ್ಲಿ ದಾಟಬಹುದಾದ ದೋಣಿಗೆ 1.1 ಮೀಟರ್ 8 ಸೆಕೆಂಡಿನಲ್ಲಿ ಆಗದೇ ಹೋಗಬಹುದು. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ನಡೆಸಿದ ಆಫ್‌ಶೋರ್ ವಿಂಡ್ ಆಕ್ಸಿಲರೇಟರ್ ಯೋಜನೆಯಲ್ಲಿ ಇದಕ್ಕೇ ಪಿ-ಪ್ಲಾಟ್ ಅಂತ ಮಾಡಿದರು. ಅಲೆ ಎತ್ತರ, ಪೀರಿಯಡ್, ದಿಕ್ಕು ಮೂರೂ ಇಟ್ಟು ಪ್ರತಿ ದೋಣಿಗೂ ಒಂದು ನಕ್ಷೆ. ಒಂಟಿ ಸಂಖ್ಯೆಗಿಂತ ಎಷ್ಟೋ ಮೇಲು. ಆದರೂ ನಿರ್ವಹಣೆಯ ಮಾದರಿ ಕಟ್ಟುವವರು ಇವತ್ತಿಗೂ 1.5 ಅಂತಲೇ ಟೈಪ್ ಮಾಡುತ್ತಾರೆ, ಸುಲಭ ಅಂತ.

ಕುತೂಹಲಿ
ಇಷ್ಟೆಲ್ಲ ರಗಳೆ ಯಾಕೆ, ಹೆಲಿಕಾಪ್ಟರ್ ಕಳಿಸಿದರಾಯಿತಲ್ಲ?

ಲಾಗ್‌ಬುಕ್
ಕಳಿಸುತ್ತಾರೆ. ಡೆನ್ಮಾರ್ಕಿನ ಹಾರ್ನ್ಸ್ ರೆವ್ 1ರಲ್ಲಿ, 2002ರಲ್ಲಿ ಶುರುವಾದ 80 ಯಂತ್ರದ ತಾಣ ಅದು, ಕಂಬದ ತುದಿಯ ಯಂತ್ರಪೆಟ್ಟಿಗೆ, ಅಂದರೆ ನಸೆಲ್ಲಿನ ಮೇಲೇ ಹೆಲಿಕಾಪ್ಟರಿನಿಂದ ಇಳಿಯುವ ಕಟ್ಟೆ ಇತ್ತು. ಅಲೆಯ ಗೊಡವೆ ಇಲ್ಲ ನಿಜ. ಆದರೆ ಯಂತ್ರ ನಿಲ್ಲಿಸಿ, ರೋಟರ್ ಲಾಕ್ ಮಾಡಿ, ರೆಕ್ಕೆ ಹೇಳಿದ ಕೋನದಲ್ಲಿ ನಿಲ್ಲಿಸಬೇಕು. ಮಂಜು ಕವಿದರೆ ಹಾರಾಟ ಇಲ್ಲ. ಒಂದು ಸಲಕ್ಕೆ ಮೂರು ನಾಲ್ಕು ಜನ, ಕೈಚೀಲದ ಸಾಮಾನು. ಸೆನ್ಸರ್ ಬದಲಿಸಲು, ರೀಸೆಟ್ ಮಾಡಲು ಸರಿ. ಗೇರ್‌ಬಾಕ್ಸಿನ ಕೆಲಸಕ್ಕೆ ಆಗದು. ಅದೇ ಹಾರ್ನ್ಸ್ ರೆವ್‌ನಲ್ಲಿ 2004ರಲ್ಲಿ ಟ್ರಾನ್ಸ್‌ಫಾರ್ಮರ್, ಜನರೇಟರ್ ದೋಷಕ್ಕೆ 80 ನಸೆಲ್ಲುಗಳನ್ನೂ ಕಳಚಿ ದಡಕ್ಕೆ ತಂದರು. ಅದಕ್ಕೆ ಬೇಕಾದದ್ದು ಕಾಲೂರಿ ನಿಲ್ಲುವ ಕ್ರೇನ್ ಹಡಗು.

ಡಿಪಿ ಕನ್ಸೋಲ್
ಸೇತುವೆಯ ಕಥೆ. 2002ರಲ್ಲಿ ಬರ್ಲಿನ್ನಿನ ಗಾಳಿ ವಿದ್ಯುತ್ ಸಮ್ಮೇಳನದ ಹೊತ್ತಿಗೆ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರಿಗೆ ಹೊಳೆದ ಉಪಾಯ ಇದು: ವಿಮಾನ ತರಬೇತಿಯ ಸಿಮ್ಯುಲೇಟರನ್ನು ಆರು ಹೈಡ್ರಾಲಿಕ್ ಸಿಲಿಂಡರುಗಳು ಅಲುಗಾಡಿಸುತ್ತವೆ. ಅದನ್ನೇ ತಿರುಗಿಸಿ ಹಡಗಿನ ಮೇಲಿಟ್ಟರೆ ಹಡಗಿನ ಅಲುಗಾಟವನ್ನು ರದ್ದು ಮಾಡಬಹುದಲ್ಲ? ಬರ್ಲಿನ್ನಿನ ರಸ್ತೆ ದಾಟುವ ಸಿಗ್ನಲ್ಲಿನ ಪುಟ್ಟ ಮನುಷ್ಯನ ಹೆಸರೇ ಅದಕ್ಕೂ ಬಂತು, ಆಂಪೆಲ್‌ಮಾನ್. 2008ರಲ್ಲಿ ಕಂಪನಿಯಾಯಿತು. ಅದರ ಅಭಿವೃದ್ಧಿಯ ಮೇಲೇ ಸೆರ್ಡಾ ಸಾಲ್ಸ್‌ಮನ್ ಡೆಲ್ಫ್ಟಿನಲ್ಲಿ 2010ರಲ್ಲಿ ಪಿಎಚ್.ಡಿ. ಮಾಡಿದರು. ಅಳಿವೆಬಾಗಿಲು ಅವರೇ, ಪ್ರಬಂಧ ಬರೆಯುವ ಮುನ್ನ ಓದಲೇಬೇಕಾದದ್ದು ಅದು. ಅವಶ್ಯಕತೆಯಿಂದ ಶುರು ಮಾಡಿ, ಒಂದು ಭಾಗ ಕೆಟ್ಟರೂ ಮನುಷ್ಯ ಬೀಳಬಾರದು ಅನ್ನುವಲ್ಲಿಗೆ ವಿನ್ಯಾಸವನ್ನು ಹೇಗೆ ತರುತ್ತಾರೆ ನೋಡಿ.

ಈಗಿನ ಎಸ್‌ಒವಿ 80–90 ಮೀಟರ್ ಉದ್ದ, ತಂತ್ರಜ್ಞರು 40ರಿಂದ 60, ಎರಡು ವಾರ ಸಮುದ್ರದಲ್ಲೇ ವಾಸ. ಹಾರ್ನ್‌ಸೀ 1 ತಾಣ ಬ್ರಿಟನ್ನಿನ ಯಾರ್ಕ್‌ಶೈರ್ ದಡದಿಂದ 120 ಕಿ.ಮೀ., ಡಾಗರ್ ಬ್ಯಾಂಕ್ 130 ಕಿ.ಮೀ. ಅಷ್ಟು ದೂರಕ್ಕೆ ದಿನಾ ಸಿಟಿವಿಯಲ್ಲಿ ಹೋಗಿಬರಲು ಆಗದು, 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ವೇಗದಲ್ಲೂ ಒಂದು ದಾರಿಗೆ ಎರಡೂವರೆ ಗಂಟೆ ಮೀರುತ್ತದೆ.

ಇನ್ನು ಮಿತಿ. ಸೇತುವೆ 2.5 ಅಥವಾ 3 ಮೀಟರ್ ತನಕ ಅನ್ನುವುದು ಕಂಪನಿಯ ಕರಪತ್ರದ ಮಾತು. ಕೆಲಸ ಕೆಡುವುದು ಬೇರೆ ಕಡೆ. ಹಡಗನ್ನು ಜಾಗದಲ್ಲಿ ಹಿಡಿದಿಡುವುದು ಡೈನಾಮಿಕ್ ಪೊಸಿಷನಿಂಗ್: ಉಪಗ್ರಹದ ಸ್ಥಾನ, ಕಂಬಕ್ಕೆ ಹೋಲಿಸಿದ ಲೇಸರ್ ಅಥವಾ ರೇಡಾರ್ ಅಳತೆ, ಗೈರೋ, ಗಾಳಿಮಾಪಕ, ಇವನ್ನೆಲ್ಲ ಸೇರಿಸಿ ಥ್ರಸ್ಟರುಗಳಿಗೆ ಆಜ್ಞೆ. ಅಲೆಯೊಂದು ದಿಕ್ಕು, ಉಬ್ಬರದ ಸೆಳೆತ ಇನ್ನೊಂದು ದಿಕ್ಕು ಆದಾಗ ಹಡಗು ಯಾವುದಕ್ಕೆ ಮೂತಿ ತಿರುಗಿಸಬೇಕು? ಅಲೆಗೆ ತಿರುಗಿದರೆ ಸೆಳೆತ ಬದಿಗೆ ಬಡಿದು ಥ್ರಸ್ಟರ್ ಶಕ್ತಿ ತಿನ್ನುತ್ತದೆ. ಸೆಳೆತಕ್ಕೆ ತಿರುಗಿದರೆ ಬದಿಯಿಂದ ಅಲೆ, ಹಡಗು ಹೊರಳುತ್ತದೆ. ಹೊರಳಾಟ ಸೇತುವೆಯ ತುದಿಯಲ್ಲಿ ಮೀಟರುಗಟ್ಟಲೆ ಚಲನೆಯಾಗುತ್ತದೆ. ಸೇತುವೆಯ ಚಾಚು ಮುಗಿಯುತ್ತಾ ಬಂದಾಗ ಹಳದಿ ದೀಪ, ಮುಗಿದರೆ ಕೆಂಪು. ಕೆಂಪಿನಲ್ಲಿ ಸೇತುವೆ ತಾನೇ ಕಳಚಿಕೊಳ್ಳುತ್ತದೆ. ಆಗ ಸೇತುವೆಯ ಮೇಲೆ ಯಾರೂ ಇರಬಾರದು, ಅದಕ್ಕೇ ಬಾಗಿಲು, ಸಿಗ್ನಲ್, ಒಂದು ಸಲಕ್ಕೆ ಒಬ್ಬ ಅನ್ನುವ ನಿಯಮ.

ಅಲೆ 2 ಮೀಟರ್ ಇದ್ದ ದಿನವೂ ಸೆಳೆತ ತಿರುಗುವ ಆ ಒಂದು ಗಂಟೆ ಸುಮ್ಮನೆ ಕಾಯುವುದುಂಟು. ಯಾವ ವೆಚ್ಚದ ಮಾದರಿಯಲ್ಲೂ ಆ ಗಂಟೆ ಕಾಣಿಸುವುದಿಲ್ಲ.

ಮೂತಿರಬ್ಬರ್
ಒಪ್ಪಿದೆ, ಆದರೆ ಎಸ್‌ಒವಿ ಬಂದ ಮೇಲೆ ಸಿಟಿವಿಯ ಸಂಶೋಧನೆ ಹಳಸಿತು ಅನ್ನುವ ಧಾಟಿ ಬೇಡ. ಎಸ್‌ಒವಿ ಒಂದೊಂದೇ ಕಂಬಕ್ಕೆ ಹೋಗಬೇಕು, ಒಂದೊಂದಕ್ಕೂ ಸ್ಥಾನ ಹಿಡಿಯುವುದು, ಸೇತುವೆ ಊರುವುದು, ಜನ ದಾಟಿಸುವುದು. ಬೇಸಿಗೆಯಲ್ಲಿ ಹದಿನೈದು ತಂಡ ಒಟ್ಟಿಗೆ ಹೊರಟರೆ ಬಾಲದ ತಂಡ ತಲುಪುವಷ್ಟರಲ್ಲಿ ಮಧ್ಯಾಹ್ನ. ಅದಕ್ಕೇ ಎಸ್‌ಒವಿಯ ಹೊಟ್ಟೆಯಲ್ಲೇ ಮರಿ ದೋಣಿ ಇಟ್ಟುಕೊಳ್ಳುತ್ತಾರೆ, ಅದರ ಮಿತಿ ಮತ್ತೆ ಫೆಂಡರ್ ಘರ್ಷಣೆಯೇ. ದಡದಿಂದ 20–30 ಕಿ.ಮೀ. ಇರುವ ತಾಣಗಳಲ್ಲಿ ಸಿಟಿವಿಯೇ ಕುದುರೆ.

ವೈಬುಲ್ಲಣ್ಣ
ಸರಿ, ಸಂಖ್ಯೆಗೆ ಬರೋಣ. ಒಂದು ಕಲ್ಪಿತ ತಾಣ, ವರ್ಷದ ಅಲೆ ಎತ್ತರ ವೈಬುಲ್ ಹಂಚಿಕೆ, ಶೇಪ್ 1.5, ಸ್ಕೇಲ್ 1.6 ಮೀಟರ್ ಅಂತಿಟ್ಟುಕೊಳ್ಳಿ. 1.5 ಮೀಟರ್ ಮಿತಿಗೆ ವರ್ಷದ 60 ಶೇಕಡಾ ಹೊತ್ತು ಸಿಗುತ್ತದೆ. 2.0ಕ್ಕೆ 75. 2.5ಕ್ಕೆ 86. ಪ್ರತಿ ಅರ್ಧ ಮೀಟರಿಗೂ ಲಾಭ ಕಡಿಮೆಯಾಗುತ್ತಾ ಹೋಯಿತು ನೋಡಿ. ಚಳಿಗಾಲಕ್ಕೆ ಸ್ಕೇಲ್ 2.3 ಹಾಕಿ: 1.5ಕ್ಕೆ 41, 2.5ಕ್ಕೆ 68. ಗಾಳಿ ಚೆನ್ನಾಗಿ ಬೀಸಿ ಯಂತ್ರ ಹೆಚ್ಚು ದುಡಿಯುವುದೂ ಆಗಲೇ, ಹತ್ತಲು ಆಗದಿರುವುದೂ ಆಗಲೇ. 8 ಮೆಗಾವ್ಯಾಟಿನ ಒಂದು ಯಂತ್ರ ಅರ್ಧ ಸಾಮರ್ಥ್ಯದಲ್ಲಿ ಓಡಬೇಕಾದ ದಿನ ನಿಂತರೆ 96 ಮೆಗಾವ್ಯಾಟ್ ಗಂಟೆ ಹೋಯಿತು.

ಆದರೆ ಈ ಶೇಕಡಾ ಲೆಕ್ಕವೂ ಮೋಸ. 41 ಶೇಕಡಾ ಹೊತ್ತು ಅಂದರೆ 41 ಶೇಕಡಾ ಕೆಲಸದ ದಿನ ಅಲ್ಲ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ, ರಿಪೇರಿ ನಾಲ್ಕು, ಇಳಿಸಿ ಹತ್ತಿಸುವುದು ಒಂದು. ಎಂಟು ಗಂಟೆಯ ಒಂದೇ ತುಂಡು ಬೇಕು. ಹಗಲಲ್ಲೇ ಅಂದರೆ 54 ಡಿಗ್ರಿ ಉತ್ತರದಲ್ಲಿ ಡಿಸೆಂಬರಿನ ಹಗಲೇ ಏಳೂವರೆ ಗಂಟೆ. ಎರಡು ಬಿರುಗಾಳಿಗಳ ನಡುವೆ ಐದು ಗಂಟೆ ಶಾಂತವಾದರೆ ಅಂಕಿಅಂಶದಲ್ಲಿ ಅದು ಐದು ಗಂಟೆ, ಕೆಲಸಕ್ಕೆ ಸೊನ್ನೆ. ಹಂಚಿಕೆ ಒಂದೇ ಸಾಲದು, ಕಾಲಸರಣಿ ಬೇಕು. ಇಆರ್‌ಎ5 ಪುನರ್ವಿಶ್ಲೇಷಣೆ, ಅಂದರೆ ಹಳೆಯ ಹವಾಮಾನವನ್ನು ಮಾದರಿಯಲ್ಲಿ ಮತ್ತೆ ಕಟ್ಟಿದ ದತ್ತಾಂಶ, 1940ರಿಂದ ಗಂಟೆಗೊಂದರಂತೆ ಉಚಿತವಾಗಿ ಸಿಗುತ್ತದೆ. ಅದರ ಅಲೆಯ ಚೌಕ ಅರ್ಧ ಡಿಗ್ರಿ, ದಡದ ಹತ್ತಿರ ಒರಟು. ಜರ್ಮನಿಯ ಬೋರ್ಕುಮ್ ದ್ವೀಪದ ಬಳಿಯ ಫಿನೋ1 ಕಟ್ಟೆಯ ಅಳತೆ 2003ರಿಂದ ಇದೆ, ಅದರ ಜೊತೆ ಹೋಲಿಸಿ ಸರಿಪಡಿಸಿಕೊಂಡು ಆಮೇಲೆ ದಡದ ಹತ್ತಿರದ ಅಲೆ ಲೆಕ್ಕಹಾಕುವ ಸ್ವಾನ್ ಮಾದರಿಯಲ್ಲಿ ತಾಣದ ತನಕ ಇಳಿಸಿ.

ಬರೀ ಬೆಳಗ್ಗೆ ಹತ್ತಿಸಬಹುದೇ ಅಂತ ನೋಡುವ ಮಾದರಿಗಳೂ ಇವೆ. ಸಂಜೆ ಇಳಿಸಲೂ ಅಷ್ಟೇ ಶಾಂತಿ ಬೇಕು ಅನ್ನುವುದನ್ನು ಮರೆಯಬೇಡಿ.

ಲಾಗ್‌ಬುಕ್
ದತ್ತಾಂಶ ಅಂದರೆ ಎಲ್ಲರೂ ಅಲೆಯ ದತ್ತಾಂಶಕ್ಕೇ ಓಡುತ್ತೀರಿ. ಸಿಕ್ಕುವುದು ಕಷ್ಟವಾದದ್ದು ದೋಣಿಯ ದಿನಚರಿ. ಸಿಕ್ಕರೂ ಅದರಲ್ಲಿ ಮೂರು ಗುಂಡಿ ಇವೆ.

ಒಂದು, ಹೊರಡದ ದಿನ ದಾಖಲಾಗುವುದಿಲ್ಲ. ಮುಂಜಾನೆ ಮುನ್ಸೂಚನೆ 1.6 ಅಂದಿತು, ಯಾರೂ ಹೊರಡಲಿಲ್ಲ, ನಿಜವಾಗಿ 1.2 ಇತ್ತು. ಆ ದಿನ ನಿಮ್ಮ ಕಡತದಲ್ಲಿಲ್ಲ. ಹಾಗಾಗಿ ದಿನಚರಿ ಮಾತ್ರ ನೋಡಿ ಮಿತಿ ಹುಡುಕಿದರೆ ನಿಮಗೆ ಸಿಗುವುದು ಮುನ್ಸೂಚನೆಯ ಮಿತಿ, ದೋಣಿಯ ಮಿತಿಯಲ್ಲ. ಅಳಿವೆಬಾಗಿಲು ಕೇಳಿದ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇದೇ: ದೋಣಿಯ ಭೌತಶಾಸ್ತ್ರಕ್ಕಿಂತ ಗುತ್ತಿಗೆ ಪತ್ರದ ಸಾಲಿನಿಂದ 1.5 ಗಟ್ಟಿಯಾಯಿತು. ಗುತ್ತಿಗೆಯಲ್ಲಿ ಅದಿದ್ದರೆ ಅದರ ಮೇಲೆ ಯಾರೂ ಪ್ರಯತ್ನಿಸುವುದಿಲ್ಲ, ಪ್ರಯತ್ನಿಸದಿದ್ದರೆ ಅದೇ ಮಿತಿ ಅಂತ ದತ್ತಾಂಶ ಹೇಳುತ್ತದೆ. ಹಾವು ತನ್ನ ಬಾಲ ತಾನೇ ನುಂಗಿದ ಹಾಗೆ.

ಎರಡು, ವಿಫಲ ಪ್ರಯತ್ನ. ಮೂತಿ ಒತ್ತಿ, ಜಾರಿತು, ಹಿಂದೆ ಸರಿದರು, ಪಕ್ಕದ ಕಂಬಕ್ಕೆ ಹೋದರು. ದಿನಚರಿಯಲ್ಲಿ ಬರೀ ಎರಡನೆಯ ಕಂಬ. ಎಂಜಿನ್ ಶಕ್ತಿಯ ದಾಖಲೆ ಮತ್ತು ಜಿಪಿಎಸ್ ವೇಗ ಸೊನ್ನೆಯಾದ ಹೊತ್ತು ಎರಡನ್ನೂ ಕೂಡಿಸಿ ನೋಡಿದರೆ ಇಂಥವನ್ನು ಹಿಡಿಯಬಹುದು: ಕಂಬದ ಪಕ್ಕ ಪೂರ್ತಿ ಒತ್ತಿ ಎರಡು ನಿಮಿಷ, ಇಳಿದವರು ಯಾರೂ ಇಲ್ಲ.

ಮೂರು, ಅಲೆ ಅಳೆಯುವ ತೇಲುಬುರುಡೆ ಒಂದು, ಕಂಬ ನೂರು. ಹಾರ್ನ್‌ಸೀ 1ರಲ್ಲಿ 174 ಕಂಬ. ಒಂದು ಮೂಲೆಯ ಅಳತೆಯನ್ನು ಇನ್ನೊಂದು ಮೂಲೆಯ ಅಲೆ ಅಂತ ಹೇಳಲಾಗದು.

ಕುತೂಹಲಿ
ಎಲ್ಲ ಸರಿ, ಆ ಒಂದೂವರೆ ಗಂಟೆ ದೋಣಿಯಲ್ಲಿ ಕೂತವನು ಹತ್ತುವ ಸ್ಥಿತಿಯಲ್ಲಿ ಇರುತ್ತಾನಾ?

ಹಾಯಿಪಟ
ಒಳ್ಳೆ ಪ್ರಶ್ನೆ, ಲೆಕ್ಕ ಕೊಡುತ್ತೇನೆ. ಐಎಸ್‌ಒ 2631-1ರಲ್ಲಿ ಸಮುದ್ರ ಕಾಯಿಲೆಯ ಡೋಸ್ ಇದೆ. ಆವರ್ತನಕ್ಕೆ ತಕ್ಕ ತೂಕ ಹಾಕಿದ ಲಂಬ ವೇಗೋತ್ಕರ್ಷ ಗುಣಿಸು ಸೆಕೆಂಡುಗಳ ವರ್ಗಮೂಲ. 0.5 ಮೀಟರ್ ಪ್ರತಿ ಸೆಕೆಂಡ್ ವರ್ಗ, 90 ನಿಮಿಷ ಅಂದರೆ 5400 ಸೆಕೆಂಡ್, ವರ್ಗಮೂಲ 73.5. ಡೋಸ್ 36.7. ಅದರ ಮೂರನೇ ಒಂದು ಭಾಗ ವಾಂತಿ ಮಾಡುವವರ ಶೇಕಡಾ, ಅಂದರೆ 12. ಹನ್ನೆರಡು ಜನರ ದೋಣಿಯಲ್ಲಿ ಒಂದೂವರೆ ಜನ. ಅಲ್ಲಿ ತೂಕ ಹೆಚ್ಚು ಬೀಳುವುದು 0.1ರಿಂದ 0.5 ಹರ್ಟ್ಸ್ ಒಳಗೆ. ದೋಣಿಯ ವೇಗ ಬದಲಿಸಿದರೆ ಎದುರಾಗುವ ಆವರ್ತನ ಬದಲಾಗುತ್ತದೆ, ಹಾಗಾಗಿ ನಿಧಾನ ಹೋದರೆ ಆರಾಮ ಅನ್ನುವುದು ಯಾವಾಗಲೂ ನಿಜವಲ್ಲ. ವಾಂತಿ ಮಾಡದವನೂ ಸುಸ್ತಾಗಿ ಬಂದು 20 ಮೀಟರ್ ಏಣಿ ಹತ್ತಬೇಕು. ಏಣಿಯ ಬದಲು ಅವನನ್ನೇ ಮೇಲೆಳೆಯುವ ವ್ಯವಸ್ಥೆ ಬಂದಿದೆ, ಹಾರ್ನ್‌ಸೀ 2ರಲ್ಲಿ ಹಾಕಿರುವ ಗೆಟ್ ಅಪ್ ಸೇಫ್ ಅಂಥದ್ದು: ಮೇಲಿನ ವಿಂಚು ಡೆಕ್ಕಿನ ಏರಿಳಿತ ಅಳೆದು ಹಗ್ಗ ಬಿಗಿಮಾಡುತ್ತದೆ.

ಬಿದ್ದರೆ? ಚಳಿಗಾಲದ ನೀರು ಐದಾರು ಡಿಗ್ರಿ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದು, ಸುಮಾರು ಹತ್ತು ನಿಮಿಷ ಕೈಕಾಲು ಕೇಳುತ್ತದೆ, ಒಂದು ಗಂಟೆಯ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಇಮ್ಮರ್ಷನ್ ಸೂಟಿನ ಕುತ್ತಿಗೆಯ ಸೀಲ್ ಸಡಿಲ ಬಿಟ್ಟುಕೊಂಡವನಿಗೆ ಈ ಲೆಕ್ಕವೂ ಇಲ್ಲ. ದೋಣಿಯಲ್ಲಿ ಬೆವರು ಅಂತ ಸಡಿಲ ಬಿಡುವವರೇ ಹೆಚ್ಚು, ಅದನ್ನು ಡೆಕ್ಕಿನ ಆಳು ಪ್ರತಿ ಸಲ ಮುಟ್ಟಿ ನೋಡಬೇಕು.

ತೊಟ್ಟಿಮಾದರಿ
ಪ್ರಯೋಗಾಲಯದ ಕಡೆಯಿಂದ ಒಂದು ಎಚ್ಚರಿಕೆ. 1:20 ಮಾದರಿ ಮಾಡಿದರೆ 25 ಮೀಟರಿನ ದೋಣಿ 1.25 ಮೀಟರ್, 1.5 ಮೀಟರ್ ಅಲೆ 7.5 ಸೆಂ.ಮೀ., 6 ಸೆಕೆಂಡ್ 1.34 ಸೆಕೆಂಡ್. ಅಲೆಯ ಪ್ರಯೋಗದಲ್ಲಿ ಅಳತೆ ಇಳಿಸುವ ಫ್ರೌಡ್ ನಿಯಮದಲ್ಲಿ ಬಲ 8000ದಿಂದ ಭಾಗ, ಹಾಗಾಗಿ 100 ಕಿಲೋನ್ಯೂಟನ್ ತಳ್ಳು ಬರೀ 12.5 ನ್ಯೂಟನ್. ಒಂದೂಕಾಲು ಕಿಲೋ ತೂಕ! ಅಳೆಯುವ ತಂತಿಯ ಎಳೆತವೇ ಫಲಿತಾಂಶ ಕೆಡಿಸುತ್ತದೆ. ಫೆಂಡರಿನ ಬಿಗಿತ 400ರಿಂದ ಭಾಗವಾಗಬೇಕು, ಅಷ್ಟು ಮೆತ್ತಗಿನ ರಬ್ಬರ್ ಸಿಗದು, ಸ್ಪ್ರಿಂಗ್ ಹಾಕಿ ಮುಂದೆ ತೆಳು ಪಟ್ಟಿ ಅಂಟಿಸಬೇಕು. ಘರ್ಷಣಾಂಕಕ್ಕೆ ಅಳತೆಯ ಹಂಗಿಲ್ಲ, ಅದು ಹಾಗೇ ಇರಬೇಕು, ಆದರೆ ಒತ್ತಡ ಕಡಿಮೆಯಾದಾಗ ರಬ್ಬರಿನ ಘರ್ಷಣಾಂಕವೇ ಬದಲಾಗುತ್ತದೆ. ಹಾಗಾಗಿ ಜಾರುವಿಕೆಯನ್ನು ತೊಟ್ಟಿಯಲ್ಲಿ ನೇರ ಅಳೆಯಬೇಡಿ. ಮೂತಿಯನ್ನು ಬಲಮಾಪಕಕ್ಕೆ ಕಟ್ಟಿಹಾಕಿ, ಜಾರದಂತೆ ಹಿಡಿದರೆ ಎಷ್ಟು ಲಂಬ ಬಲ ಬೇಕು ಅಂತ ಅಳೆಯಿರಿ. ಘರ್ಷಣೆಯನ್ನು ಬೇರೆಯಾಗಿ, ಪೂರ್ಣ ಅಳತೆಯ ಫೆಂಡರ್ ತುಂಡು ಮತ್ತು ಪಾಚಿ ಹಿಡಿದ ಕೊಳವೆ ತುಂಡಿನ ಮೇಲೆ. ಎರಡನ್ನೂ ಗಣಿತದಲ್ಲಿ ಕೂಡಿಸಿ.

ಇನ್ನೊಂದು: ಕಂಬವೇ ಅಲೆಯನ್ನು ಬದಲಿಸುತ್ತದೆ. 8 ಮೀಟರ್ ವ್ಯಾಸದ ಮಾನೋಪೈಲ್ (ಒಂಟಿ ಕೊಳವೆ ಕಂಬ), 6 ಸೆಕೆಂಡಿನ ಅಲೆಗೆ ವ್ಯಾಸ ಅಲೆಯುದ್ದದ 0.14, ಹೆಚ್ಚೇನೂ ಆಗದು. 4 ಸೆಕೆಂಡಿಗೆ 0.32, ಅಲ್ಲಿ ಅಲೆ ಚದುರಿ ಎದುರು ಬದಿಯಲ್ಲಿ ಏರುತ್ತದೆ. ಕಂಬ ಇಲ್ಲದ ತೊಟ್ಟಿಯಲ್ಲಿ ಪ್ರಯೋಗ ಮಾಡಬೇಡಿ.

ಪಡುಗಾಳಿ
ನಮ್ಮ ದೇಶದ ಕಡೆ ಮಾಡಿದರೆ ಹೇಗೆ? ಗುಜರಾತ್, ತಮಿಳುನಾಡಿನಲ್ಲಿ ಬರುತ್ತದೆ ಅನ್ನುತ್ತಿದ್ದಾರಲ್ಲ.

ವೈಬುಲ್ಲಣ್ಣ
ಕಂಬವೇ ಇಲ್ಲದ ಕಡೆ ದೋಣಿಯ ದಿನಚರಿ ಎಲ್ಲಿಂದ ತರುತ್ತೀರಿ ಮಾರಾಯ್ರೆ? 2015ರಲ್ಲಿ ನೀತಿ, 2017ರ ನವೆಂಬರಿನಲ್ಲಿ ಪಿಪಾವಾವ್‌ನಿಂದ 23 ಕಿ.ಮೀ. ದೂರ ಖಂಭಾತ್ ಕೊಲ್ಲಿಯಲ್ಲಿ ಲೇಸರಿನಿಂದ ಗಾಳಿ ಅಳೆಯುವ ಲೈಡಾರ್, 2024ರ ಜೂನಿನಲ್ಲಿ ಎರಡೂ ರಾಜ್ಯಕ್ಕೆ 500 ಮೆಗಾವ್ಯಾಟ್‌ನಂತೆ ಒಟ್ಟು 1 ಗಿಗಾವ್ಯಾಟಿಗೆ 7,453 ಕೋಟಿ ರೂಪಾಯಿಯ ಸಹಾಯಧನ ಯೋಜನೆ. ಅದರಲ್ಲಿ 600 ಕೋಟಿ ಎರಡು ಬಂದರುಗಳಿಗೆ. ಪ್ರವೇಶದ ಪ್ರಶ್ನೆ ಬರುತ್ತದೆ, ಆದರೆ ಪ್ರಬಂಧದ ಮುಖ್ಯ ಅಧ್ಯಾಯ ಅದಾಗಲಾರದು. ಒಂದು ಅಧ್ಯಾಯ ಆಗಬಹುದು.

ಮೂತಿರಬ್ಬರ್
ಆ ಒಂದು ಅಧ್ಯಾಯ ಗಟ್ಟಿಯಾಗಿಯೇ ಬರಬಹುದು. ಖಂಭಾತ್ ಕೊಲ್ಲಿಯ ಒಳಗೆ ಭಾವನಗರದ ಕಡೆ ಉಬ್ಬರ ಇಳಿತದ ಅಂತರ 10 ಮೀಟರ್ ತಲುಪುತ್ತದೆ. ಒಳಕ್ಕೆ ಹೋದಷ್ಟೂ ಏಣಿ, ಕೊಳವೆ ಎಲ್ಲ ಉದ್ದವಾಗಬೇಕು, ಮತ್ತು ದಿನಕ್ಕೆ ಎರಡು ಸಲ ಒದ್ದೆಯಾಗುವ ಆ ಪಟ್ಟಿಯಲ್ಲೇ ಪಾಚಿ, ಚಿಪ್ಪುಜೀವಿ ಜಾಸ್ತಿ. ಡಿಪಿ ಕನ್ಸೋಲ್ ಹೇಳಿದ ಸೆಳೆತದ ಜಗಳವೂ ಅಲ್ಲಿ ದೊಡ್ಡದು.

ಪಡುವಣ ಕರಾವಳಿಯಲ್ಲಿ ಋತುಮಾನ ಉತ್ತರ ಸಮುದ್ರದ ಹಾಗಲ್ಲ. ಅಲ್ಲಿ ಚಳಿಗಾಲದಲ್ಲೂ ನಡುನಡುವೆ ಕಿಟಕಿ ತೆರೆಯುತ್ತದೆ. ಇಲ್ಲಿ ಜೂನಿನಲ್ಲಿ ಮುಚ್ಚಿದ್ದು ಮುಚ್ಚಿದ್ದೇ. ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ. ಅದು ಮೀನಿನ ಸಂತಾನಕ್ಕಾಗಿ ಇದ್ದರೂ, ಮಲ್ಪೆ, ಗಂಗೊಳ್ಳಿಯ ಅಳಿವೆ ದಾಟಿದವರಿಗೆ ಆ ತಿಂಗಳುಗಳ ತೆರೆ ಏನು ಅಂತ ಗೊತ್ತು. ಇಲ್ಲಿಗೆ ಸರಾಸರಿ ಶೇಕಡಾ ಲೆಕ್ಕ ಇನ್ನೂ ದೊಡ್ಡ ಮೋಸ: ವರ್ಷಕ್ಕೆ 75 ಶೇಕಡಾ ಅಂದರೆ ಎಂಟೊಂಬತ್ತು ತಿಂಗಳು ಪೂರ್ತಿ, ಮಿಕ್ಕಿದ್ದು ಬಹುತೇಕ ಇಲ್ಲ. ಬಿಡಿಭಾಗ, ವಾರ್ಷಿಕ ಸೇವೆ ಎಲ್ಲ ಮೇ ತಿಂಗಳೊಳಗೆ ಮುಗಿಯುವ ಹಾಗೆ ಯೋಜನೆ ಬೇಕು.

ಹಾಯಿಪಟ
ಮತ್ತೆ ಕಳ್ಳಕಡಲು! ಕೇರಳ, ತಮಿಳುನಾಡು ದಡಕ್ಕೆ ದಕ್ಷಿಣ ಮಹಾಸಾಗರದ ಬಿರುಗಾಳಿಯಿಂದ ಸಾವಿರಾರು ಕಿ.ಮೀ. ದಾಟಿ ಬರುವ ಉಬ್ಬಲೆ. ಸ್ಥಳೀಯ ಗಾಳಿ ಇಲ್ಲ, ಆಕಾಶ ತಿಳಿ, ಎತ್ತರ ಒಂದು ಮೀಟರಿನ ಆಸುಪಾಸು ಇದ್ದೀತು, ಪೀರಿಯಡ್ ಮಾತ್ರ 15 ಸೆಕೆಂಡ್ ಮೀರಬಹುದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್ ಇದಕ್ಕೆ ಎಚ್ಚರಿಕೆ ಕೊಡುತ್ತದೆ. 1.5 ಮೀಟರ್ ನಿಯಮ ನೋಡುವವನು ಆ ದಿನ ದೋಣಿ ಕಳಿಸಿಬಿಡುತ್ತಾನೆ. ಎತ್ತರ ಒಂದೇ ಸಾಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಉತ್ತರ ಸಮುದ್ರದಲ್ಲೂ ಸಿಗದು.

ಡಿಪಿ ಕನ್ಸೋಲ್
ಅಂದಹಾಗೆ ಕೊಚ್ಚಿ ಶಿಪ್‌ಯಾರ್ಡಿಗೆ ಯುರೋಪಿನಿಂದ ಎಸ್‌ಒವಿ ಕಟ್ಟುವ ಗುತ್ತಿಗೆಗಳು ಬಂದಿವೆ. ಹಡಗು ಇಲ್ಲಿ ಕಟ್ಟುತ್ತೇವೆ, ಸಂಶೋಧನೆ ಅಲ್ಲಿ.

ತೇಲುವ ಯಂತ್ರಗಳನ್ನೂ ಮರೆಯಬೇಡಿ. ಹೈವಿಂಡ್ ಸ್ಕಾಟ್‌ಲೆಂಡ್ 2017ರಲ್ಲಿ ಬಂತು, 6 ಮೆಗಾವ್ಯಾಟಿನ ಐದು ಯಂತ್ರ, ಪೀಟರ್‌ಹೆಡ್‌ನಿಂದ 25 ಕಿ.ಮೀ. ಅಲ್ಲಿ ದೋಣಿಯೂ ಅಲುಗುತ್ತದೆ, ಕಂಬವೂ ಅಲುಗುತ್ತದೆ. ಎರಡರ ಅಲುಗಾಟದ ವ್ಯತ್ಯಾಸ ಮುಖ್ಯ, ಕೆಲವು ಪೀರಿಯಡ್ಡಿನಲ್ಲಿ ಅದು ಕಡಿಮೆಯೂ ಆಗಬಹುದು. ದೊಡ್ಡ ರಿಪೇರಿಗೆ 2024ರಲ್ಲಿ ಐದನ್ನೂ ನಾರ್ವೆಗೆ ಎಳೆದುಕೊಂಡು ಹೋದರು. ಪ್ರವೇಶದ ಪ್ರಶ್ನೆಗೆ ಅದೂ ಒಂದು ಉತ್ತರ: ನಾವು ಹೋಗಲಾಗದಿದ್ದರೆ ಅದನ್ನೇ ತರುವುದು.

ಅಳಿವೆಬಾಗಿಲು
ಎಲ್ಲರಿಗೂ ನಮಸ್ಕಾರ. ಪ್ರಸ್ತಾವನೆಯ ಪ್ರಶ್ನೆ ಹೀಗೆ ತಿದ್ದಿದ್ದೇನೆ: ಸಿಟಿವಿಯ ಫೆಂಡರ್ ಜಾರುವ ಸಂಭಾವ್ಯತೆಯನ್ನು ಅಲೆ ಎತ್ತರ, ಪೀರಿಯಡ್, ದಿಕ್ಕು, ಸೆಳೆತ ಮತ್ತು ಕೊಳವೆಯ ಮೇಲ್ಮೈ ಸ್ಥಿತಿಯ ಆಧಾರದಲ್ಲಿ ಹೇಳುವುದು, ಅದನ್ನು ಮುನ್ಸೂಚನೆಯ ಅನಿಶ್ಚಿತತೆಯ ಜೊತೆ ಕೂಡಿಸಿ ಬೆಳಗಿನ ಹೊರಡುವ ನಿರ್ಧಾರಕ್ಕೆ ತರುವುದು. ತೇಲುವ ಯಂತ್ರ ಮತ್ತು ಎಸ್‌ಒವಿ ಬಿಟ್ಟಿದ್ದೇನೆ. ಜಾರುವುದು ಅಂದರೆ ಎಷ್ಟು ಅಂತ ಇಡಲಿ?

ತೊಟ್ಟಿಮಾದರಿ
ಒಂದು ಏಣಿಮೆಟ್ಟಿಲು, ಸುಮಾರು 30 ಸೆಂ.ಮೀ. ಹೆಜ್ಜೆ ಇಡುವ ಹೊತ್ತಿಗೆ ಡೆಕ್ಕು ಅದಕ್ಕಿಂತ ಹೆಚ್ಚು ಸರಿದರೆ ಕಾಲು ಬೇರೆ ಮೆಟ್ಟಿಲಿಗೆ ಹೋಗುತ್ತದೆ.

ಮೂತಿರಬ್ಬರ್
ದೂರ ಮಾತ್ರ ಬೇಡ, ಹೊತ್ತೂ ಸೇರಿಸಿ. ಮುಂದೆ ಬರುವುದು, ಕೊಂಡಿ ಸಿಕ್ಕಿಸುವುದು, ದಾಟಿ ಮೂರು ಮೆಟ್ಟಿಲು ಮೇಲೆ ಹೋಗುವುದು, ಎಲ್ಲ ಸೇರಿ ಅರ್ಧ ನಿಮಿಷ ಅಂತ ಹಿಡಿಯಿರಿ. ಆ ಅರ್ಧ ನಿಮಿಷದಲ್ಲಿ 30 ಸೆಂ.ಮೀ. ಜಾರದಿರುವ ಸಂಭಾವ್ಯತೆ ನಿಮ್ಮ ಅಳತೆ. ಕೊಳವೆಯ ಸ್ಥಿತಿಗೆ ಪಾಚಿ ಇದೆ ಅಥವಾ ಇಲ್ಲ ಅಂತ ಎರಡೇ ಖಾನೆ ಇಡಬೇಡಿ. ಪ್ರೆಷರ್ ವಾಷ್ ಮಾಡಿ ಎಷ್ಟು ವಾರ ಆಯಿತು ಅಂತ ಪ್ರತಿ ಕಂಬಕ್ಕೂ ಬರೆದುಕೊಳ್ಳಿ, ಆ ತಾರೀಖು ನಿರ್ವಹಣಾ ಕಡತದಲ್ಲಿ ಇರುತ್ತದೆ.